ಊರಿಗೊಂದು ಗಡಿಯಾರ

2007ರ ಏಪ್ರಿಲ್ 14ರಂದು ಅಮೆರಿಕದ ಕೆಂಟಕಿ ರಾಜ್ಯದ ಕೀನ್‌ಲ್ಯಾಂಡ್ ರೇಸ್‌ಕೋರ್ಸಿನಲ್ಲಿ ಬ್ಲೂ ಗ್ರಾಸ್ ಸ್ಟೇಕ್ಸ್ ಓಟ ನಡೆಯಿತು. ಒಂಬತ್ತು ಫರ್ಲಾಂಗ್ ದೂರ. ಮುಂದಿದ್ದ ಕುದುರೆ ಮೊದಲ ಅರ್ಧ ಮೈಲು ಮುಗಿಸುವ ಹೊತ್ತಿಗೆ ಗಡಿಯಾರ 51 ಸೆಕೆಂಡು ದಾಟಿತ್ತು. ದೇಶದ ಅತ್ಯುತ್ತಮ ಮೂರು ವರ್ಷದ ಕುದುರೆಗಳಿಗೆ ಇದು ಬೆಳಗಿನ ಕಸರತ್ತಿನ ಗತಿ. ಕೊನೆಯ ನೇರ ಹಾದಿಯಲ್ಲಿ ಎಲ್ಲವೂ ಒಟ್ಟಿಗೆ ನುಗ್ಗಿದವು. ಡೊಮಿನಿಕನ್ ಎಂಬ ಕುದುರೆ ಮೂಗಿನಷ್ಟು ಅಂತರದಲ್ಲಿ ಗೆದ್ದಿತು, ಸ್ಟ್ರೀಟ್ ಸೆನ್ಸ್ ಎರಡನೆಯದಾಯಿತು. ಸರಿಯಾಗಿ ಮೂರು ವಾರದ ನಂತರ, ಅದೇ ರಾಜ್ಯದ ಚರ್ಚಿಲ್ ಡೌನ್ಸ್‌ನಲ್ಲಿ ಕೆಂಟಕಿ ಡರ್ಬಿ. ಅಲ್ಲಿ ಹಾರ್ಡ್ ಸ್ಪನ್ ಅರ್ಧ ಮೈಲನ್ನು 46.26 ಸೆಕೆಂಡಿನಲ್ಲಿ ಮುಗಿಸಿತು. ಆಗ ಇಪ್ಪತ್ತು ಕುದುರೆಗಳಲ್ಲಿ ಹತ್ತೊಂಬತ್ತನೆಯದಾಗಿದ್ದ ಸ್ಟ್ರೀಟ್ ಸೆನ್ಸ್, ಒಳಬೇಲಿಯ ಪಕ್ಕದಲ್ಲೇ ನುಸುಳಿ ಬಂದು ಎರಡೂಕಾಲು ಲೆಂತ್‌ಗಳಿಂದ, ಅಂದರೆ ಅಷ್ಟು ಕುದುರೆಯುದ್ದದ ಅಂತರದಿಂದ, ಗೆದ್ದಿತು. ಡೊಮಿನಿಕನ್ ಎಲ್ಲೋ ಹಿಂದುಳಿಯಿತು.

ಎರಡು ಊರುಗಳ ನಡುವೆ ಕಾರಿನಲ್ಲಿ ಒಂದೂವರೆ ಗಂಟೆಯ ಹಾದಿ. ಅರ್ಧ ಮೈಲಿನ ಸಮಯದಲ್ಲಿ ಐದು ಸೆಕೆಂಡಿನ ವ್ಯತ್ಯಾಸ, ಅಂದರೆ ಮೂವತ್ತು ಲೆಂತ್‌ಗಳ ಆಸುಪಾಸು. ಕೀನ್‌ಲ್ಯಾಂಡಿನ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡು ಡರ್ಬಿಯ ಲೆಕ್ಕ ಹಾಕಿದವನಿಗೆ ಏನು ಸಿಕ್ಕೀತು? ಏನೂ ಇಲ್ಲ. ಕಾರಣ ಸರಳ. ಕೀನ್‌ಲ್ಯಾಂಡ್ 2006ರಲ್ಲಿ ತನ್ನ ಮಣ್ಣಿನ ಹಾದಿಯನ್ನು ಕಿತ್ತು, ಮೇಣ ಲೇಪಿಸಿದ ಮರಳು, ನಾರು, ರಬ್ಬರ್ ಚೂರುಗಳ ಪಾಲಿಟ್ರ್ಯಾಕ್ ಹಾಸಿತ್ತು. ಹಳೆಯ ಹಾದಿಯಲ್ಲಿ ಮುಂದೆ ಹೋದ ಕುದುರೆಗಳದೇ ಮೇಲುಗೈ. ಹೊಸ ಹಾಸಿನ ಮೇಲೆ ಮುಂದೆ ಹೋಗಲು ಜಾಕಿಗಳೇ ಹೆದರುತ್ತಿದ್ದರು. 2014ರಲ್ಲಿ ಕೀನ್‌ಲ್ಯಾಂಡ್ ಮತ್ತೆ ಮಣ್ಣಿಗೆ ಮರಳಿತು. ಒಂದೇ ಹೆಸರು, ಒಂದೇ ಗೇಟು, ಒಂದೇ ಪ್ರೇಕ್ಷಕ ಕಟ್ಟೆ. ಎಂಟು ವರ್ಷದಲ್ಲಿ ಮೂರು ಬೇರೆ ಬೇರೆ ರೇಸ್‌ಕೋರ್ಸುಗಳು.

ರೇಸಿನ ಓಟವನ್ನು ಮೊದಲೇ ಅಂದಾಜು ಮಾಡುವವರಲ್ಲಿ ಎರಡು ಬಣಗಳಿವೆ. ಒಟ್ಟು ಓಟದ ವೇಗ ಗೊತ್ತಾದರೆ ಸಾಕು ಎನ್ನುವವರು ಒಂದು ಕಡೆ. ಆ ವೇಗವನ್ನು ಕುದುರೆ ಎಲ್ಲೆಲ್ಲಿ ಖರ್ಚು ಮಾಡಿತು ಎಂಬುದೇ ಮುಖ್ಯ ಎನ್ನುವವರು ಇನ್ನೊಂದು ಕಡೆ. ಪೇಸ್ ಎಂದು ಎಲ್ಲರೂ ಕರೆಯುವುದು ಇದನ್ನೇ, ಅಂದರೆ ಓಟದೊಳಗಿನ ಗತಿಯ ಹಂಚಿಕೆಯನ್ನು. ಎರಡನೆಯ ಬಣದ ವಾದ ಮೂಲದಲ್ಲಿ ಸರಿ. ಆದರೆ ಆ ಬಣವೇ ತನ್ನ ಲೆಕ್ಕವನ್ನು ಸೆಕೆಂಡಿನ ನೂರನೇ ಭಾಗದವರೆಗೆ ಹಿಗ್ಗಿಸಿ, ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿಗೆ ಹೊತ್ತೊಯ್ಯುವಾಗ ನೆಲ ಕುಸಿಯುತ್ತದೆ. ಬೇರೆ ಬೇರೆ ಟ್ರ್ಯಾಕುಗಳ ನಡುವೆ ನಂಬಬಹುದಾದದ್ದು ಗತಿಯ ಆಕಾರ: ಯಾರು ಮುಂದೆ ಹೋಗಬಯಸುತ್ತಾರೆ, ಎಷ್ಟು ಮಂದಿ, ತಮ್ಮ ಊರಿನ ವಾಡಿಕೆಗೆ ಹೋಲಿಸಿದರೆ ಎಷ್ಟು ಬಿರುಸಾಗಿ. ದಶಾಂಶ ಬಿಂದುವಿನ ಆಚೆಗಿನದು ಬಹುಪಾಲು ಅಲಂಕಾರ.

ಗತಿಯ ಹಂಚಿಕೆ ಯಾಕೆ ಮುಖ್ಯ ಎಂಬುದಕ್ಕೆ ಕುದುರೆಯ ದೇಹವೇ ಸಾಕ್ಷಿ. ಆಮ್ಲಜನಕದಿಂದ ನಿರಂತರವಾಗಿ ಸಿಗುವ ಶಕ್ತಿ ಒಂದು, ಆಮ್ಲಜನಕವಿಲ್ಲದೆ ಸ್ನಾಯುಗಳಲ್ಲೇ ಹುಟ್ಟುವ ಶಕ್ತಿ ಇನ್ನೊಂದು. ಎರಡನೆಯದರ ಗಂಟು ಚಿಕ್ಕದು. ಮೊದಲ ಅರ್ಧದಲ್ಲೇ ಅದನ್ನು ಬಿಚ್ಚಿದರೆ ಕೊನೆಯ ಫರ್ಲಾಂಗಿನಲ್ಲಿ ಕಾಲು ಸೋಲುತ್ತದೆ. 2020ರಲ್ಲಿ ಕ್ವೆಂಟಿನ್ ಮರ್ಸಿಯೆ ಮತ್ತು ಅಮಾಂಡೀನ್ ಅಫ್ತಾಲಿಯೊಂ ಎಂಬ ಫ್ರೆಂಚ್ ಸಂಶೋಧಕರು ಶಾಂತಿಯಿ ರೇಸ್‌ಕೋರ್ಸಿನ ದತ್ತಾಂಶ ಇಟ್ಟುಕೊಂಡು ಈ ಖರ್ಚು-ವೆಚ್ಚವನ್ನು ಗಣಿತದ ಸಮೀಕರಣಗಳಲ್ಲಿ ಬರೆದರು. ಅವರ ಲೆಕ್ಕದಲ್ಲಿ ಹಾದಿಯ ಏರಿಳಿತಕ್ಕೂ ತಿರುವಿಗೂ ಜಾಗವಿದೆ. ಅಂದರೆ ಅತ್ಯುತ್ತಮ ಗತಿ ಯಾವುದು ಎಂಬುದೂ ಆಯಾ ನೆಲಕ್ಕೆ ಅಂಟಿಕೊಂಡ ಸಂಗತಿಯೇ.

ಸೆಕ್ರೆಟೇರಿಯೆಟ್ ಎಂಬ ಕುದುರೆಯ ಕಥೆ ಇಲ್ಲಿ ಹೇಳದಿದ್ದರೆ ಆಗದು. 1973ರ ಕೆಂಟಕಿ ಡರ್ಬಿಯ ಹತ್ತು ಫರ್ಲಾಂಗುಗಳನ್ನು ಎರಡೆರಡು ಫರ್ಲಾಂಗಿನ ಐದು ತುಂಡು ಮಾಡಿದರೆ ಅವನು ಓಡಿದ ಸಮಯ ಹೀಗಿದೆ: 25.2, 24, 23.8, 23.4, 23 ಸೆಕೆಂಡು. ಪ್ರತಿ ತುಂಡೂ ಹಿಂದಿನದಕ್ಕಿಂತ ಚುರುಕು. ಮಣ್ಣಿನ ಹಾದಿಯಲ್ಲಿ ಇಂಥ ಹಂಚಿಕೆ ತೀರಾ ಅಪರೂಪ. ಅಲ್ಲಿ ಸಾಮಾನ್ಯವಾಗಿ ಎಲ್ಲರೂ ಮೊದಲು ಸುರಿದು ಆಮೇಲೆ ತೆವಳುತ್ತಾರೆ, ಕಡಿಮೆ ತೆವಳಿದವನು ಗೆಲ್ಲುತ್ತಾನೆ. ಅದೇ ಸೆಕ್ರೆಟೇರಿಯೆಟ್ ಐದು ವಾರದ ನಂತರ ಬೆಲ್ಮಾಂಟ್ ಸ್ಟೇಕ್ಸ್‌ನ ಹನ್ನೆರಡು ಫರ್ಲಾಂಗಿನಲ್ಲಿ ಶಾಮ್ ಎಂಬ ಕುದುರೆಯ ಜೊತೆ ಜಿದ್ದಿಗೆ ಬಿದ್ದು ಅರ್ಧ ಮೈಲನ್ನು 46.2 ಸೆಕೆಂಡಿನಲ್ಲಿ ಮುಗಿಸಿದ. ಆ ದೂರಕ್ಕೆ ಅದು ಹುಚ್ಚು ಗತಿ. ಶಾಮ್ ಕೊನೆಯವನಾಗಿ ಬಂದ. ಸೆಕ್ರೆಟೇರಿಯೆಟ್ 31 ಲೆಂತ್‌ಗಳಿಂದ, 2 ನಿಮಿಷ 24 ಸೆಕೆಂಡಿನಲ್ಲಿ ಗೆದ್ದ. ಒಂದೇ ಗತಿ ಒಬ್ಬನನ್ನು ಮುರಿದು ಇನ್ನೊಬ್ಬನನ್ನು ದಂತಕಥೆ ಮಾಡಿದ ಓಟ ಅದು. ಗತಿಯ ಅಂಕಿ ಕುದುರೆಯ ಸಾಮರ್ಥ್ಯದ ಜೊತೆ ಸೇರಿದಾಗ ಮಾತ್ರ ಅರ್ಥ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಆ ಎರಡು ಓಟಗಳ ನಡುವೆ ಪ್ರೀಕ್‌ನೆಸ್ ನಡೆದಿತ್ತು. ಬಾಲ್ಟಿಮೋರಿನ ಪಿಮ್ಲಿಕೋ ಟ್ರ್ಯಾಕಿನ ವಿದ್ಯುನ್ಮಾನ ಗಡಿಯಾರ 1 ನಿಮಿಷ 55 ಸೆಕೆಂಡು ತೋರಿಸಿತು. ಕೈಯಲ್ಲಿ ಗಡಿಯಾರ ಹಿಡಿದು ಅಳೆದ ಅಲ್ಲಿನ ಅಧಿಕೃತ ಸಮಯಪಾಲಕರು 1 ನಿಮಿಷ 54.4 ಎಂದರು. ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯ ಇಬ್ಬರು 1 ನಿಮಿಷ 53.4 ಎಂದರು. ಜಗಳ 39 ವರ್ಷ ನಡೆಯಿತು. ಕೊನೆಗೆ 2012ರಲ್ಲಿ ಮೇರಿಲ್ಯಾಂಡ್ ರೇಸಿಂಗ್ ಆಯೋಗ ಹಳೆಯ ಚಿತ್ರೀಕರಣ ಪರಿಶೀಲಿಸಿ 1 ನಿಮಿಷ 53 ಎಂದು ತೀರ್ಮಾನಿಸಿತು. ಆ ಕಾಲದ ಅತ್ಯಂತ ಪ್ರಸಿದ್ಧ ಕುದುರೆ, ಇಡೀ ದೇಶ ಟಿವಿಯಲ್ಲಿ ನೋಡಿದ ಓಟ. ಅದರಲ್ಲೇ ಎರಡು ಸೆಕೆಂಡಿನ ಗೊಂದಲ! ಯಾವುದೋ ಸಣ್ಣ ಊರಿನ ಮಂಗಳವಾರದ ಮೂರನೇ ರೇಸಿನ ಅರ್ಧ ಮೈಲಿನ ಸಮಯವನ್ನು ನೂರನೇ ಭಾಗದವರೆಗೆ ನಂಬುವವರು ಇದನ್ನು ಒಮ್ಮೆ ಓದಿಕೊಳ್ಳಬೇಕು.

ಗಡಿಯಾರ ಸರಿಯಿದ್ದರೂ ಅದು ಯಾವಾಗ ಶುರುವಾಗುತ್ತದೆ ಎಂಬ ಪ್ರಶ್ನೆ ಇದ್ದೇ ಇದೆ. ಅಮೆರಿಕದಲ್ಲಿ ಗೇಟು ತೆರೆದ ಕ್ಷಣದಿಂದ ಸಮಯ ಎಣಿಸುವುದಿಲ್ಲ. ಗೇಟನ್ನು ಗುರುತಿನ ಕಂಬಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿಸುತ್ತಾರೆ. ಕುದುರೆಗಳು ಓಡಿ ಆ ಕಂಬ ದಾಟಿದಾಗಲೇ ಎಣಿಕೆ ಆರಂಭ. ಈ ಹೆಚ್ಚುವರಿ ಓಟಕ್ಕೆ ರನ್‌ಅಪ್ ಎಂದು ಹೆಸರು. ಒಂದು ಟ್ರ್ಯಾಕಿನಲ್ಲಿ ಅದು ಕೆಲವೇ ಅಡಿ, ಇನ್ನೊಂದರಲ್ಲಿ ನೂರಾರು ಅಡಿ. ಒಂದೇ ಟ್ರ್ಯಾಕಿನಲ್ಲೂ ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಹುಲ್ಲಿನ ಹಾದಿಯಲ್ಲಿ ಬೇಲಿಯನ್ನು ಆಚೀಚೆ ಸರಿಸಿದಾಗಂತೂ ಮತ್ತೆ ಬದಲಾಗುತ್ತದೆ. ರನ್‌ಅಪ್ ಉದ್ದವಿದ್ದಷ್ಟೂ ಕುದುರೆ ಪೂರ್ಣ ವೇಗ ಪಡೆದ ಮೇಲೆ ಗಡಿಯಾರ ಎಚ್ಚರಗೊಳ್ಳುತ್ತದೆ, ಮೊದಲ ಎರಡು ಫರ್ಲಾಂಗ್ ಕಾಗದದ ಮೇಲೆ ಚುರುಕಾಗಿ ಕಾಣುತ್ತದೆ. ಗತಿಯ ಲೆಕ್ಕಕ್ಕೆ ಅತಿ ಮುಖ್ಯವಾದ ತುಂಡಿಗೇ ಈ ವಿಷ ತಗಲುತ್ತದೆ ಎನ್ನುವುದು ವಿಪರ್ಯಾಸ. ಬ್ರಿಟನ್ನಿನಲ್ಲಿ, ಹಾಂಗ್‌ಕಾಂಗಿನಲ್ಲಿ ಗೇಟಿನಿಂದಲೇ ಎಣಿಕೆ. ಆ ಅಂಕಿಗಳನ್ನು ಅಮೆರಿಕದ ಅಂಕಿಗಳ ಪಕ್ಕ ಇಡುವುದೇ ತಪ್ಪು.

ಇನ್ನು ಟ್ರ್ಯಾಕಿನ ಸುತ್ತಳತೆ. ನ್ಯೂಯಾರ್ಕಿನ ಹಳೆಯ ಬೆಲ್ಮಾಂಟ್ ಪಾರ್ಕಿನ ಮಣ್ಣಿನ ಹಾದಿ ಒಂದೂವರೆ ಮೈಲು ಸುತ್ತಿತ್ತು. ಚರ್ಚಿಲ್ ಡೌನ್ಸ್, ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ಒಂದು ಮೈಲು. ಪಶ್ಚಿಮ ವರ್ಜೀನಿಯಾದ ಚಾರ್ಲ್ಸ್ ಟೌನ್ ಆರೇ ಫರ್ಲಾಂಗ್. ಒಂದು ಮೈಲಿನ ಓಟ ಬೆಲ್ಮಾಂಟಿನಲ್ಲಿ ಒಂದೇ ತಿರುವಿನಲ್ಲಿ ಮುಗಿಯುತ್ತಿತ್ತು: ಉದ್ದನೆಯ ಹಿಂಬದಿ ನೇರ ಹಾದಿಯಲ್ಲಿ ಜಾಕಿಗೆ ಕುದುರೆಯನ್ನು ತಡೆಯುವ ಅಗತ್ಯವೇ ಇಲ್ಲ. ಸಾಂಟಾ ಅನಿಟಾದಲ್ಲಿ ಅದೇ ಮೈಲು ಎರಡು ತಿರುವಿನದು. ಗೇಟಿನಿಂದ ಹೊರಟು ಸ್ವಲ್ಪ ಹೊತ್ತಿಗೇ ತಿರುವು ಬರುತ್ತದೆ, ಅಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳುತ್ತಾರೆ. ಒಂದು ತಿರುವಿನ ಮೈಲಿನಲ್ಲಿ ಅರ್ಧ ಮೈಲಿನ ಸಮಯ ಚುರುಕು ಬರುವುದು ಕುದುರೆಯ ಗುಣದಿಂದಲ್ಲ, ಟ್ರ್ಯಾಕಿನ ಜ್ಯಾಮಿತಿಯಿಂದ. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಕುದುರೆಯ ಕಾಗದ ಓದಿ ಇದು ಸಲೀಸಾಗಿ ಮುಂದೆ ಹೋಗುತ್ತದೆ ಎಂದುಕೊಂಡವರು ಇದನ್ನು ಹಣ ಕೊಟ್ಟು ಕಲಿತಿದ್ದಾರೆ.

ಗಾಳಿಯ ವಿಷಯ ಬೇಗ ಹೇಳಿ ಮುಗಿಸಬಹುದು. ಹಿಂಬದಿ ಹಾದಿಯಲ್ಲಿ ಬೆನ್ನಿಗೆ ಗಾಳಿ ಬಿದ್ದರೆ ಮೊದಲ ಅರ್ಧ ಚುರುಕು, ಅದೇ ಗಾಳಿ ಕೊನೆಯ ನೇರ ಹಾದಿಯಲ್ಲಿ ಎದೆಗೆ ಹೊಡೆದಾಗ ಕೊನೆ ನಿಧಾನ. ಒಟ್ಟು ಸಮಯ ಮಾಮೂಲಿಯಂತೆಯೇ ಕಾಣುತ್ತದೆ. ಒಟ್ಟು ಸಮಯಕ್ಕೆ ಮಾತ್ರ ದಿನದ ತಿದ್ದುಪಡಿ ಹಾಕುವವನಿಗೆ ಇದು ಗೋಚರಿಸುವುದೇ ಇಲ್ಲ.

ಮತ್ತೊಂದು ಸಣ್ಣ ಮೋಸ ಲೆಂತ್‌ನದು. ಓಟದ ನಡುವಿನ ಸಮಯಗಳು ಮುಂದಿರುವ ಕುದುರೆಯವು. ಹಿಂದಿನ ಕುದುರೆಯ ಸಮಯವನ್ನು ಅದು ಎಷ್ಟು ಲೆಂತ್ ಹಿಂದಿತ್ತು ಎಂಬುದರಿಂದ ಗುಣಿಸಿ ಪಡೆಯಬೇಕು. ಒಂದು ಲೆಂತ್ ಎಂದರೆ ಸೆಕೆಂಡಿನ ಐದನೇ ಒಂದು ಭಾಗ ಎಂಬುದು ಹಳೆಯ ರೂಢಿ. ಆದರೆ ಕುದುರೆಯ ಉದ್ದ ಸುಮಾರು ಎಂಟು ಅಡಿ, ಓಡುವ ವೇಗ ಗಂಟೆಗೆ ಅರವತ್ತು ಕಿಲೋಮೀಟರ್. ಆ ಲೆಕ್ಕದಲ್ಲಿ ಒಂದು ಲೆಂತ್ 0.15 ಸೆಕೆಂಡನ್ನು ಮೀರುವುದಿಲ್ಲ. ಹತ್ತು ಲೆಂತ್ ಹಿಂದಿದ್ದ ಕುದುರೆಗೆ ಈ ರೂಢಿಯಿಂದಲೇ ಅರ್ಧ ಸೆಕೆಂಡಿನ ಅನ್ಯಾಯ. ಜೊತೆಗೆ ಆ ಹತ್ತು ಎಂಬುದನ್ನೂ ಯಾರೋ ದುರ್ಬೀನು ಹಿಡಿದು ಕಣ್ಣಳತೆಯಲ್ಲಿ ಹೇಳಿದ್ದು.

ಇಷ್ಟೆಲ್ಲ ತೊಡಕುಗಳಿಗೆ ಅಮೆರಿಕದವರು ಕಂಡುಕೊಂಡ ಪರಿಹಾರ ಪಾರ್, ಅಂದರೆ ವಾಡಿಕೆಯ ಸಮಯ. ಒಂದು ಟ್ರ್ಯಾಕಿನಲ್ಲಿ, ಒಂದು ದೂರದಲ್ಲಿ, ಒಂದು ದರ್ಜೆಯ ಕುದುರೆಗಳು ಸಾಮಾನ್ಯವಾಗಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂಬ ಸರಾಸರಿ. ಮುಂದೆ ವಾಷಿಂಗ್ಟನ್ ಪೋಸ್ಟ್‌ನ ಅಂಕಣಕಾರರಾದ ಆಂಡ್ರ್ಯೂ ಬೆಯರ್ 1975ರ ತಮ್ಮ ಪುಸ್ತಕದಲ್ಲಿ ಇದರ ಮೇಲೆಯೇ ವೇಗದ ಅಂಕಗಳನ್ನು ಕಟ್ಟಿದರು. ಗಣಿತದ ಪ್ರಾಧ್ಯಾಪಕ ವಿಲಿಯಂ ಕ್ವಿರಿನ್ 1979ರಲ್ಲಿ ಕಂಪ್ಯೂಟರಿನಿಂದ ಸಾವಿರಾರು ಓಟಗಳನ್ನು ಜಾಲಾಡಿ, ಆರಂಭದಲ್ಲೇ ಮುಂದಿರುವ ಕುದುರೆಗಳ ಲಾಭವನ್ನು ಅಂಕಿಗಳಲ್ಲಿ ತೋರಿಸಿದರು. 1991ರಲ್ಲಿ ಟಾಮ್ ಬ್ರೋಹಮರ್ ಗತಿಯ ಲೆಕ್ಕಕ್ಕೇ ಮೀಸಲಾದ ಪುಸ್ತಕ ಬರೆದರು. ಮೊದಮೊದಲು ಗತಿಗೆ ಹೆಚ್ಚು ಬೆಲೆ ಕೊಡದಿದ್ದ ಬೆಯರ್ ಕೂಡ ಮುಂದೆ ತಮ್ಮ ನಿಲುವನ್ನು ಸಡಿಲಿಸಿದರು. ಅವರ ವೇಗದ ಅಂಕಗಳು 1992ರಿಂದ ಡೈಲಿ ರೇಸಿಂಗ್ ಫಾರ್ಮ್‌ನಲ್ಲಿ ಅಚ್ಚಾಗುತ್ತಿವೆ.

ಪಾರ್‌ನ ಶಕ್ತಿ ಒಂದು ಕಾಲ್ಪನಿಕ ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಮೊದಲ ಊರಿನಲ್ಲಿ ಆರು ಫರ್ಲಾಂಗಿನ ಓಟದಲ್ಲಿ ಅರ್ಧ ಮೈಲಿನ ವಾಡಿಕೆ 45 ಸೆಕೆಂಡು, ಎರಡನೇ ಊರಿನಲ್ಲಿ 46.2 ಎಂದಿಟ್ಟುಕೊಳ್ಳೋಣ. ಕರಿಯ ಕುದುರೆ ಮೊದಲ ಊರಿನಲ್ಲಿ 45.2ರಲ್ಲಿ ಓಡಿದೆ, ಕಂದು ಕುದುರೆ ಎರಡನೇ ಊರಿನಲ್ಲಿ 46ರಲ್ಲಿ. ಬರಿಗಣ್ಣಿಗೆ ಕರಿಯನೇ 0.8 ಸೆಕೆಂಡು ಚುರುಕು. ಆದರೆ ಕರಿಯ ತನ್ನೂರಿನ ವಾಡಿಕೆಗಿಂತ 0.2 ನಿಧಾನ, ಕಂದು ತನ್ನೂರಿನ ವಾಡಿಕೆಗಿಂತ 0.2 ಚುರುಕು. ಎರಡೂ ಒಂದೇ ಗೇಟಿನಿಂದ ಹೊರಟರೆ ಮುಂದಿರುವುದು ಕಂದು ಎಂದು ಪಾರ್ ಹೇಳುತ್ತದೆ.

ಹೇಳುವುದೇನೋ ಹೌದು, ಆದರೆ ಎರಡನೇ ಊರಿನ ವಾಡಿಕೆ ನಿಧಾನವಾಗಿರುವುದಕ್ಕೆ ಕಾರಣವೇನು? ಮರಳು ಆಳವಿದ್ದುದರಿಂದಲೋ, ರನ್‌ಅಪ್ ಚಿಕ್ಕದಿದ್ದುದರಿಂದಲೋ, ಇಲ್ಲ ಅಲ್ಲಿ ಓಡುವ ಕುದುರೆಗಳೇ ಕಳಪೆಯೋ? ಮೊದಲ ಎರಡಾದರೆ ತಿದ್ದುಪಡಿ ನ್ಯಾಯ. ಮೂರನೆಯದಾದರೆ ಕಳಪೆ ಕುದುರೆಗೆ ಬಿಟ್ಟಿ ಬಹುಮಾನ ಕೊಟ್ಟಂತೆ. ಸರಾಸರಿಗೆ ಈ ಕಾರಣಗಳನ್ನು ಬೇರ್ಪಡಿಸುವ ಶಕ್ತಿ ಇಲ್ಲ. ದರ್ಜೆಯ ಹೆಸರು ಒಂದೇ ಇದ್ದರೂ ತೂಕ ಒಂದೇ ಅಲ್ಲ: ಹತ್ತು ಸಾವಿರ ಡಾಲರಿಗೆ ಯಾರು ಬೇಕಾದರೂ ಕೊಂಡುಕೊಳ್ಳಬಹುದು ಎಂಬ ಷರತ್ತಿನಲ್ಲಿ ಓಡುವ ಕುದುರೆ ನ್ಯೂಯಾರ್ಕಿನಲ್ಲಿ ಒಂದು ಬಗೆ, ಪಶ್ಚಿಮ ವರ್ಜೀನಿಯಾದಲ್ಲಿ ಇನ್ನೊಂದು. ಹಿಂದೆ ಹಳ್ಳಿಗೊಂದು ಕೊಳಗವಿದ್ದ ಕಾಲದಲ್ಲಿ ಪಕ್ಕದೂರಿನ ಸಂತೆಗೆ ಹೋದ ರೈತ ಮೊದಲು ಮಾಡುತ್ತಿದ್ದುದು ತನ್ನ ಕೊಳಗದಲ್ಲಿ ಅಳೆದ ರಾಗಿಯನ್ನು ಅಲ್ಲಿಯ ಕೊಳಗದಲ್ಲಿ ಸುರಿದು ನೋಡುವುದನ್ನು. ರೇಸಿನಲ್ಲೂ ಬೇರೆ ದಾರಿಯಿಲ್ಲ. ಎರಡೂ ಊರಿನಲ್ಲಿ ಓಡಿದ ಕುದುರೆಗಳನ್ನು ಹುಡುಕಿ, ಅವು ಎರಡು ಕಡೆ ತೆಗೆದುಕೊಂಡ ಸಮಯಗಳನ್ನು ಹೋಲಿಸಬೇಕು. ಒಂದೆರಡು ಕುದುರೆ ಸಾಲದು, ಬಹಳ ಬೇಕು. ಸಿಕ್ಕ ಉತ್ತರಕ್ಕೂ ಆಯುಷ್ಯ ಕಡಿಮೆ, ಯಾಕೆಂದರೆ ಒಂದು ಮಳೆಗಾಲದಲ್ಲಿ, ಒಮ್ಮೆ ಹೊಸ ಮರಳು ಸುರಿದಾಗ ಟ್ರ್ಯಾಕು ಬೇರೆಯೇ ಆಗಿರುತ್ತದೆ.

ಸೆಕೆಂಡುಗಳನ್ನು ಬಿಟ್ಟು ಪಾಲನ್ನು ನೋಡುವುದು ಇನ್ನೊಂದು ದಾರಿ. ಮುಂದಿದ್ದ ಕುದುರೆಯ ಅರ್ಧ ಮೈಲಿನ ಸಮಯ, ಗೆದ್ದ ಕುದುರೆಯ ಒಟ್ಟು ಸಮಯದಲ್ಲಿ ನೂರಕ್ಕೆ ಎಷ್ಟು? ಹತ್ತು ಫರ್ಲಾಂಗಿನ ಡರ್ಬಿಯಲ್ಲಿ ನಾಲ್ಕು ಫರ್ಲಾಂಗ್ ಎಂದರೆ ದೂರದ ಶೇ 40. ಪಾಲು 40ಕ್ಕಿಂತ ಕೆಳಗೆ ಇಳಿದಷ್ಟೂ ಆರಂಭ ಬಿರುಸು.

ಈ ಕಣ್ಣಿನಿಂದ ನೋಡಿದರೆ ಡರ್ಬಿಯ ಇತಿಹಾಸ ಸ್ವಲ್ಪ ಬೇರೆಯಾಗಿ ಕಾಣುತ್ತದೆ. 2001ರಲ್ಲಿ ಸಾಂಗ್‌ಅಂಡಪ್ರೇಯರ್ ಅರ್ಧ ಮೈಲನ್ನು 44.86ರಲ್ಲಿ ಓಡಿತು. ಡರ್ಬಿಯ ಅತಿ ಚುರುಕಾದ ಅರ್ಧ ಮೈಲು ಎಂದು ಎಲ್ಲರೂ ಹೇಳುವ ಅಂಕಿ ಅದು. ಕೊನೆಗೆ ಆ ಕುದುರೆ ಹದಿಮೂರನೆಯದಾಗಿ ಬಂತು. ಹಿಂದಿನಿಂದ ಬಂದ ಮೊನಾರ್ಕೋಸ್ 1 ನಿಮಿಷ 59.97ಕ್ಕೆ ಗೆದ್ದಿತು. ಪಾಲು ಶೇ 37.4. 2005ರಲ್ಲಿ ಸ್ಪ್ಯಾನಿಷ್ ಚೆಸ್ಟ್‌ನಟ್ 45.38, ಗೆದ್ದ ಜಾಕೊಮೋ 2 ನಿಮಿಷ 2.75. ಪಾಲು ಶೇ 37. 2022ರಲ್ಲಿ ಸಮರ್ ಈಸ್ ಟುಮಾರೋ 45.36, ಗೆದ್ದ ರಿಚ್ ಸ್ಟ್ರೈಕ್ 2 ನಿಮಿಷ 2.61. ಅದೂ ಶೇ 37. ಅಂದರೆ ಗಡಿಯಾರದ ದಾಖಲೆ 2001ರದಾದರೂ, ತಮ್ಮ ದಿನದ ನೆಲಕ್ಕೆ ಹೋಲಿಸಿದರೆ ಹೆಚ್ಚು ಬಿರುಸಿನ ಆರಂಭ 2005 ಮತ್ತು 2022ರವು. ಆ ಎರಡು ವರ್ಷ ಏನಾಯಿತು? ಜಾಕೊಮೋ ಬೆಟ್ಟಿಂಗಿನಲ್ಲಿ ಒಂದಕ್ಕೆ ಐವತ್ತರ ಬೆಲೆಯ ಕುದುರೆ, ಎರಡನೆಯದಾಗಿ ಬಂದದ್ದು ಒಂದಕ್ಕೆ ಎಪ್ಪತ್ತೊಂದರದು. ರಿಚ್ ಸ್ಟ್ರೈಕ್ ಒಂದಕ್ಕೆ ಎಂಬತ್ತು. 2001ರ ಒಟ್ಟು ಸಮಯ ಹೇಳುವಂತೆ ಅಂದಿನ ಟ್ರ್ಯಾಕು ಕಲ್ಲಿನಂತೆ ಗಟ್ಟಿ. ಆ ಗತಿಗೆ ಹತ್ತಿರದಲ್ಲೇ ಓಡಿದ ಕಾಂಗರಿ ಮೂರನೆಯದಾಗಿ ಉಳಿದುಕೊಂಡಿತು, ಮುಂದೆ ಸಿಗಾರ್ ಮೈಲ್ ಎಂಬ ಓಟವನ್ನು ಎರಡು ಸಲ ಗೆದ್ದಿತು. ಗೆದ್ದ ಮೊನಾರ್ಕೋಸ್ ಮತ್ತೆ ಒಂದು ಓಟವನ್ನೂ ಗೆಲ್ಲಲಿಲ್ಲ. ಗತಿಯನ್ನು ಓದಬಲ್ಲವನು ಆ ದಿನ ಗೆದ್ದವನಿಗಿಂತ ಮೂರನೆಯವನ ಹೆಸರು ಬರೆದಿಟ್ಟುಕೊಂಡಿರುತ್ತಿದ್ದ.

ಇದೇ ಅಳತೆಯಲ್ಲಿ 2007ರ ಕೀನ್‌ಲ್ಯಾಂಡ್ ಓಟ ಶೇ 46. ಒಂಬತ್ತು ಫರ್ಲಾಂಗಿನಲ್ಲಿ ಸಮಗತಿಯ ಪಾಲೇ 44.4 ಇರುವಾಗ ಇದು ಅದಕ್ಕಿಂತಲೂ ನಿಧಾನದ ಆರಂಭ. 2015ರ ಬೆಲ್ಮಾಂಟ್‌ನಲ್ಲಿ ಅಮೆರಿಕನ್ ಫೇರೋ ಮೊದಲಿಂದ ಕೊನೆಯವರೆಗೆ ಮುಂದೆಯೇ ಓಡಿ ಗೆದ್ದಾಗ ಅರ್ಧ ಮೈಲು 48.83, ಒಟ್ಟು 2 ನಿಮಿಷ 26.65. ಹನ್ನೆರಡರಲ್ಲಿ ನಾಲ್ಕು ಫರ್ಲಾಂಗಿಗೆ ಬರಬೇಕಾದ ಪಾಲು ಶೇ 33.3, ಅವನದು ಕೂಡ ಶೇ 33.3. ಜಾಕಿ ವಿಕ್ಟರ್ ಎಸ್ಪಿನೋಜಾ ಅಂದು ಶಕ್ತಿಯನ್ನು ಎಷ್ಟು ಸಮವಾಗಿ ಹಂಚಿಸಿದರು ಎಂಬುದು ಬರಿಯ ಸೆಕೆಂಡುಗಳಲ್ಲಿ ಇಷ್ಟು ಚೆನ್ನಾಗಿ ಕಾಣುವುದಿಲ್ಲ.

ಪಾಲಿನ ಲೆಕ್ಕವೂ ನಿರ್ದೋಷಿಯಲ್ಲ. ಆರಂಭದ ಬಿರುಸಿನಿಂದಲೇ ಕೊನೆ ನಿಧಾನವಾಗುವುದರಿಂದ ಕಾರಣವೂ ಪರಿಣಾಮವೂ ಒಂದೇ ಭಾಗಾಕಾರದಲ್ಲಿ ಕೂತಿರುತ್ತವೆ. ರನ್‌ಅಪ್‌ನ ವಿಷ ಇಲ್ಲೂ ಇದ್ದೇ ಇದೆ. ಆದ್ದರಿಂದ ಪಾಲನ್ನೂ ಆಯಾ ಟ್ರ್ಯಾಕಿನ, ಆಯಾ ದೂರದ ವಾಡಿಕೆ ಪಾಲಿಗೇ ಹೋಲಿಸಬೇಕು. ಆದರೂ ಇದಕ್ಕೊಂದು ಗುಣವಿದೆ: ಅಂದಿನ ಟ್ರ್ಯಾಕು ಒಟ್ಟಾರೆ ಗಟ್ಟಿಯೋ ಮೆತ್ತಗೋ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನೇ ಹೊಡೆದುಹೋಗುತ್ತದೆ. ಬೇರೆ ಊರಿನಿಂದ ಬಂದ ಕುದುರೆಯ ಸ್ವಭಾವ ತಿಳಿಯಲು ಇದು ಸೆಕೆಂಡಿಗಿಂತ ಪ್ರಾಮಾಣಿಕ ಸಾಕ್ಷಿ.

ಎಲ್ಲ ಅಂಕಿಗಳೂ ಸರಿಯಾದರೂ ಉಳಿಯುವ ಒಂದು ವಿಷಯವಿದೆ. ಗತಿ ನಿಸರ್ಗದ ನಿಯಮವಲ್ಲ, ಕುದುರೆಯ ಮೇಲೆ ಕೂತವರು ಮಾಡುವ ತೀರ್ಮಾನ. 2002ರ ಡರ್ಬಿ ಇದಕ್ಕೆ ನಿದರ್ಶನ. ವಾರ್ ಎಂಬ್ಲಂ ಎಂಬ ಕುದುರೆ ಆ ಏಪ್ರಿಲ್‌ನಲ್ಲಿ ಶಿಕಾಗೋ ಹತ್ತಿರದ ಸ್ಪೋರ್ಟ್ಸ್‌ಮನ್ಸ್ ಪಾರ್ಕಿನಲ್ಲಿ ಇಲಿನಾಯ್ ಡರ್ಬಿಯನ್ನು ಆರು ಲೆಂತ್‌ಗೂ ಹೆಚ್ಚು ಅಂತರದಲ್ಲಿ ಗೆದ್ದಿತ್ತು. ಬೆಯರ್ ಅಂಕ 112. ಕೆಂಟಕಿಗೆ ಬಂದವುಗಳಲ್ಲಿ ಅಷ್ಟು ಅಂಕ ಬೇರಾವುದಕ್ಕೂ ಇರಲಿಲ್ಲ, ಅದು ಪತ್ರಿಕೆಯಲ್ಲಿ ಎಲ್ಲರ ಕಣ್ಣಮುಂದೆ ಅಚ್ಚಾಗಿಯೂ ಇತ್ತು. ಆದರೂ ಕುದುರೆಯ ಬೆಲೆ ಒಂದಕ್ಕೆ ಇಪ್ಪತ್ತು. ಶಿಕಾಗೋದ ಸಣ್ಣ ಟ್ರ್ಯಾಕಿನ ಅಂಕಿ ಎಂದು ಜನ ಮೂಗು ಮುರಿದರು. ಇನ್ನೊಂದು ಸಂಗತಿಯನ್ನೂ ಕಡೆಗಣಿಸಿದರು: ಕೆಂಟಕಿ ಡರ್ಬಿಯ ದಿನ ಅದರ ಜೊತೆ ಮುಂದೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಅರ್ಧ ಮೈಲು 47.04, ಹಿಂದಿನ ವರ್ಷಕ್ಕಿಂತ ಎರಡು ಸೆಕೆಂಡಿಗೂ ಹೆಚ್ಚು ನಿಧಾನ. ಪಾಲು ಶೇ 38.8. ತಡೆಯುವವರಿಲ್ಲದೆ ಓಡಿ ವಾರ್ ಎಂಬ್ಲಂ ಗೆದ್ದಿತು. ಊರು ಚಿಕ್ಕದೆಂದು ಅಂಕಿಯನ್ನು ತಳ್ಳಿಹಾಕುವುದು ಕೂಡ, ಊರನ್ನು ನೋಡದೆ ಅಂಕಿಯನ್ನು ನಂಬುವಷ್ಟೇ ಸೋಮಾರಿತನ.

ಯಾರು ಮುಂದೆ ಹೋಗುತ್ತಾರೆ ಎಂಬುದನ್ನು ಓಟದ ನಿಯಮಗಳು ಕೂಡ ನಿರ್ಧರಿಸುತ್ತವೆ. 2012ರವರೆಗೆ ಡರ್ಬಿಗೆ ಆಯ್ಕೆ ನಡೆಯುತ್ತಿದ್ದುದು ದೊಡ್ಡ ಓಟಗಳಲ್ಲಿ ಗಳಿಸಿದ ಹಣದ ಮೇಲೆ. ಕಡಿಮೆ ದೂರದ ಓಟಗಳಲ್ಲಿ ಹಣ ಮಾಡಿದ ಚುರುಕು ಕುದುರೆಗಳೂ ನುಗ್ಗುತ್ತಿದ್ದವು, ಆರಂಭವನ್ನು ಕೆಡಿಸುತ್ತಿದ್ದವು. 2013ರಿಂದ ಗೊತ್ತುಪಡಿಸಿದ, ಬಹುಪಾಲು ದೀರ್ಘ ದೂರದ ಓಟಗಳಲ್ಲಿ ಗಳಿಸಿದ ಪಾಯಿಂಟುಗಳೇ ಅರ್ಹತೆ. 2014ರಿಂದ ಕೆಲವು ವರ್ಷ ಕ್ಯಾಲಿಫೋರ್ನಿಯಾ ಕ್ರೋಮ್, ಅಮೆರಿಕನ್ ಫೇರೋ, ನೈಕ್ವಿಸ್ಟ್, ಆಲ್ವೇಸ್ ಡ್ರೀಮಿಂಗ್, ಜಸ್ಟಿಫೈ ಹೀಗೆ ಮುಂಚೂಣಿಯಲ್ಲೇ ಓಡಿದ ಕುದುರೆಗಳು ಗೆಲ್ಲುತ್ತ ಬಂದವು. ಡರ್ಬಿಯಲ್ಲಿ ಇನ್ನು ಮುಂದಿದ್ದವನದೇ ರಾಜ್ಯ ಎಂಬ ಮಾತು ಹುಟ್ಟಿತು. ಅಷ್ಟರಲ್ಲಿ 2022 ಬಂತು. ದುಬೈನಲ್ಲಿ ಹೆಚ್ಚಾಗಿ ಕಡಿಮೆ ದೂರ ಓಡಿದ್ದ ಸಮರ್ ಈಸ್ ಟುಮಾರೋ, ಯುಎಇ ಡರ್ಬಿಯಲ್ಲಿ ಎರಡನೆಯದಾದ ಬಲದಿಂದ ಅರ್ಹತೆ ಪಡೆದು ಬಂದು, ಮೊದಲ ಎರಡು ಫರ್ಲಾಂಗನ್ನು 21.78ರಲ್ಲಿ ಓಡಿ ಡರ್ಬಿಯ ದಾಖಲೆ ಬರೆದು, ಇಪ್ಪತ್ತರಲ್ಲಿ ಇಪ್ಪತ್ತನೆಯದಾಗಿ ಮುಗಿಸಿತು. ಹತ್ತು ವರ್ಷದ ವಾಡಿಕೆಯನ್ನು ಹೊರಗಿನಿಂದ ಬಂದ ಒಂದು ಕುದುರೆ ಒಂದು ಮಧ್ಯಾಹ್ನದಲ್ಲಿ ಬುಡಮೇಲು ಮಾಡಿತು.

ಗತಿ ಓದಬಲ್ಲವರು ಆ ದಿನ ರಿಚ್ ಸ್ಟ್ರೈಕ್‌ನ ಹೆಸರು ಹೇಳುತ್ತಿದ್ದರೇ? ಪ್ರಾಮಾಣಿಕ ಉತ್ತರ, ಇಲ್ಲ. ಆರಂಭ ಬಿರುಸಾದೀತು, ಹಿಂದಿನಿಂದ ಬರುವವರಿಗೆ ಅನುಕೂಲವಾದೀತು ಎನ್ನಬಹುದಿತ್ತು, ಅಷ್ಟೇ. ಆ ವರ್ಷ ಕೃತಕ ಹಾಸಿನ ಟರ್ಫ್‌ವೇ ಪಾರ್ಕಿನಲ್ಲೇ ಓಡಿದ್ದ, ಹಿಂದಿನ ಸೆಪ್ಟೆಂಬರಿನಲ್ಲಿ 30,000 ಡಾಲರಿಗೆ ಕೈಬದಲಾಗಿದ್ದ, ಒಂದು ಕುದುರೆ ಹಿಂದೆ ಸರಿದದ್ದರಿಂದ ಹಿಂದಿನ ದಿನವಷ್ಟೇ ಜಾಗ ಸಿಕ್ಕಿದ್ದ ಕುದುರೆ ಅದು. ಕೈಬದಲಾದ ಆ ಓಟವನ್ನು ಅದು ಚರ್ಚಿಲ್ ಡೌನ್ಸ್‌ನ ಮಣ್ಣಿನಲ್ಲೇ 17 ಲೆಂತ್‌ಗಳಿಂದ ಗೆದ್ದಿತ್ತು ಎಂದು ಈಗ ನೆನಪಿಸುವುದು ಸುಲಭ. ಸ್ಟ್ರೀಟ್ ಸೆನ್ಸ್ ಕೂಡ 2006ರ ಬ್ರೀಡರ್ಸ್ ಕಪ್ ಜುವೆನೈಲನ್ನು ಅದೇ ನೆಲದಲ್ಲಿ ಹತ್ತು ಲೆಂತ್‌ಗಳಿಂದ ಗೆದ್ದಿತ್ತು, ಜನ ಅದನ್ನೇ ನಂಬಿ ಕೀನ್‌ಲ್ಯಾಂಡಿನ ಸೋಲನ್ನು ಮರೆತು ಅದನ್ನು ಡರ್ಬಿಯ ಫೇವರಿಟ್ ಮಾಡಿದ್ದರು. ಅದೇ ಟ್ರ್ಯಾಕಿನ ಹಳೆಯ ಓಟ, ಬೇರೆ ಟ್ರ್ಯಾಕಿನ ತಿದ್ದಿದ ಹೊಸ ಅಂಕಿಗಿಂತ ಭದ್ರ ಸಾಕ್ಷ್ಯ ಎಂಬ ಮಾತಿಗೆ ಇವೆರಡೂ ಬಲ ಕೊಡುತ್ತವೆ. ಆದರೆ ಎರಡು ಉದಾಹರಣೆಯಿಂದ ಸಿದ್ಧಾಂತ ಹುಟ್ಟುವುದಿಲ್ಲ. ಅಂಥ ಗೆಲುವಿನ ನಂತರ ಸೋತವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಮಾದರಿಗಳಿಂದ ಅಪಾರ ಹಣ ಗಳಿಸಿದ ಬಿಲ್ ಬೆಂಟರ್ 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಕುತೂಹಲದ ಮಾತಿದೆ. ತಮ್ಮ ಮಾದರಿಯ ಅಂದಾಜಿಗೆ ಅವರು ಜನರು ಕಟ್ಟಿದ ಬೆಲೆಯನ್ನೂ ಒಂದು ಅಂಶವಾಗಿ ಸೇರಿಸಿದರು. ಮಾದರಿಗೆ ಕಾಣದ್ದು ಗುಂಪಿಗೆ ಕಂಡಿರಬಹುದು ಎಂಬ ವಿವೇಕ ಅದು. ಗಮನಿಸಬೇಕಾದ್ದು, ಅವರು ಕೆಲಸ ಮಾಡಿದ ಹಾಂಗ್‌ಕಾಂಗಿನಲ್ಲಿ ಇರುವುದು ಎರಡೇ ಟ್ರ್ಯಾಕು, ಶಾ ಟಿನ್ ಮತ್ತು ಹ್ಯಾಪಿ ವ್ಯಾಲಿ. ಕುದುರೆಗಳ ಸಮುದಾಯ ಒಂದೇ, ಗಡಿಯಾರ ನಂಬಿಕಸ್ಥ. ಊರು ಬದಲಾಗುವ ರಗಳೆ ಕಡಿಮೆ ಇದ್ದ ಕಡೆಯೇ ಅಂಕಿಗಳು ಹೆಚ್ಚು ಹಣ್ಣು ಕೊಟ್ಟದ್ದು ಕಾಕತಾಳೀಯವಾಗಿರಲಾರದು.

ಭಾರತದಲ್ಲಿ ಊರು ಬದಲಾಗುವ ರಗಳೆ ಕಡಿಮೆಯಿಲ್ಲ. ಬೆಂಗಳೂರು, ಮೈಸೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲಿ ಋತುವಿಗೆ ತಕ್ಕಂತೆ ರೇಸು ನಡೆಯುತ್ತದೆ, ಕುದುರೆಗಳು ಊರಿಂದೂರಿಗೆ ಹೋಗುತ್ತವೆ. 1963ರಲ್ಲಿ ಶುರುವಾದ ಇನ್ವಿಟೇಷನ್ ಕಪ್ ವರ್ಷಕ್ಕೊಂದು ಊರಿನಲ್ಲಿ ನಡೆಯುವ 2,400 ಮೀಟರಿನ ಓಟ. ಮುಂಬೈಯ ಮಹಾಲಕ್ಷ್ಮಿಯ ವಿಶಾಲ ಸುತ್ತಿನಲ್ಲಿ ಪಳಗಿದ ಕುದುರೆ ಬೆಂಗಳೂರಿಗೆ ಬಂದಾಗ ಯಾವ ಗತಿಯಲ್ಲಿ ಓಡೀತು ಎಂಬ ಪ್ರಶ್ನೆ ಕೆಂಟಕಿಯ ಪ್ರಶ್ನೆಯೇ. ಇಲ್ಲಿ ಓಟಗಳು ಹುಲ್ಲಿನ ಮೇಲೆ ನಡೆಯುವುದರಿಂದ ಗತಿಯ ಆಕಾರ ತಿರುವುಮುರುವು: ಆರಂಭದಲ್ಲಿ ಹಿಡಿದಿಟ್ಟು ಕೊನೆಯ 600 ಮೀಟರಿನಲ್ಲಿ ಸುರಿಯುವುದೇ ರೂಢಿ. ಅಮೆರಿಕದ ಪುಸ್ತಕ ಓದಿ ಮುಂದೆ ಹೋಗುವ ಕುದುರೆಗಳನ್ನೇ ಹುಡುಕುವವನಿಗೆ ಇಲ್ಲಿ ನಿರಾಶೆ ಕಾದಿದೆ.

ವಿಚಿತ್ರವೆಂದರೆ ಇಲ್ಲಿಯ ಪತ್ರಿಕೆಗಳು ಬೆಳಗಿನ ಟ್ರ್ಯಾಕ್ ವರ್ಕನ್ನು ವರದಿ ಮಾಡುವಷ್ಟು ವಿವರವಾಗಿ ಓಟವನ್ನೇ ವರದಿ ಮಾಡುವುದಿಲ್ಲ. ಬೆಳಗ್ಗೆ ಮರಳಿನ ಮೇಲೆ ಯಾವ ಕುದುರೆ 1,000 ಮೀಟರನ್ನು, ಅದರಲ್ಲಿ ಕೊನೆಯ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿತು, ಸಲೀಸಾಗಿ ಓಡಿತೋ ಒತ್ತಾಯಕ್ಕೆ ಓಡಿತೋ ಎಂಬುದೆಲ್ಲ ಅಚ್ಚಾಗುತ್ತದೆ. ಮಧ್ಯಾಹ್ನದ ಓಟದ ಫಲಿತಾಂಶದಲ್ಲಿ ಗೆದ್ದ ಕುದುರೆಯ ಒಟ್ಟು ಸಮಯ, ನಡುವಿನ ಅಂತರಗಳು, ಅಲ್ಲಿಗೆ ಮುಗಿಯಿತು. ಹಣ ಕಟ್ಟುವುದು ಮಾತ್ರ ಓಟದ ಮೇಲೆ.

ಇದು ಬರಿಯ ಹವ್ಯಾಸಿಗಳ ದೂರಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸನ್ನು ಜೂಜಿನಿಂದ ಬೇರ್ಪಡಿಸಿ, ಅದು ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. ಕುದುರೆಯ ಸಾಮರ್ಥ್ಯ, ಜಾಕಿಯ ಜಾಣ್ಮೆ, ಹಿಂದಿನ ಓಟಗಳು ಇವನ್ನೆಲ್ಲ ತೂಗಿ ನೋಡಬಹುದು ಎಂಬುದು ಆ ನಿಲುವಿನ ಅಡಿಪಾಯ. ತೆರಿಗೆ ಇಲಾಖೆ ಈ ವ್ಯತ್ಯಾಸವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ: ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ ಶೇ 40. ಅಷ್ಟು ಸುಂಕ ತೆತ್ತ ಮೇಲೆ ಅತ್ಯುತ್ತಮ ಗತಿಯ ಲೆಕ್ಕದಿಂದಲೂ ಯಾರೂ ಮನೆ ಕಟ್ಟುವುದಿಲ್ಲ. ಆದರೆ ಕೌಶಲ ಎಂಬ ವಾದದ ಮೇಲೆ ಬದುಕಿರುವ ಕ್ಲಬ್ಬುಗಳಿಗೆ ಆ ಕೌಶಲಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಒದಗಿಸುವ ಹೊಣೆಯೂ ಇದೆ. ಓಟದ ದಿನ ನೆಲ ಎಷ್ಟು ಮೆತ್ತಗಿದೆ ಎಂದು ಪೆನೆಟ್ರೋಮೀಟರ್ ಚುಚ್ಚಿ ಅಳೆದು ಪ್ರಕಟಿಸುವ ಒಳ್ಳೆಯ ಪದ್ಧತಿ ಭಾರತದಲ್ಲಿ ಆಗಲೇ ಇದೆ. ಅದರ ಪಕ್ಕದಲ್ಲಿ ಬೇಲಿ ಎಲ್ಲಿತ್ತು, ಗಡಿಯಾರ ಎಲ್ಲಿಂದ ಶುರುವಾಯಿತು, ಪ್ರತಿ ಕುದುರೆ ಪ್ರತಿ 400 ಮೀಟರಿಗೆ ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂಬ ಮೂರು ಸಾಲು ಸೇರಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಪ್ರತಿ ಕುದುರೆಯ ತುಂಡು ತುಂಡು ಸಮಯವನ್ನು ಹಾಂಗ್‌ಕಾಂಗ್ ಜಾಕಿ ಕ್ಲಬ್ ಬಹುಕಾಲದಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಬೆಂಗಳೂರು ಮತ್ತು ಮೈಸೂರಿನ ನಡುವೆಯೇ ವರ್ಷವಿಡೀ ಹೋಗಿಬರುವ ಕುದುರೆಗಳ ಇಂಥ ದಾಖಲೆ ಎರಡು ಋತು ಕೂಡಿಬಂದರೆ, ಈ ಎರಡು ನೆಲಗಳ ವಾಡಿಕೆ ಎಷ್ಟು ಬೇರೆ ಎಂಬ ಪ್ರಶ್ನೆಗೆ ಊಹೆಯ ಬದಲು ಉತ್ತರ ಸಿಗತೊಡಗುತ್ತದೆ.